ಗೊಂದಲ ನಿವಾರಣೆ ಆಗಿದ್ದು ಯಾರಿಗೆ?

ಮಾನ್ಯ ಸಂಪಾದಕರೇ,

ನಮ್ಮೂರಿನ ತೆರಿಗೆ ಮಾಹಿತಿ ಸಭೆಯ ವರದಿಯನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿದೆ. ‘ಸಣ್ಣ ವ್ಯಾಪಾರಿಗಳ ಗೊಂದಲ ನಿವಾರಣೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಯಾರ ಗೊಂದಲ ಸ್ವಾಮಿ? ನಾನೂ ಅಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದೆ. ಫೋಟೋದಲ್ಲಿ ತೆರಿಗೆ ಇಲಾಖೆಯ ಸಾಹೇಬರ ಶಾಲು, ಹಾರ, ದೀಪ ಹಚ್ಚುವ ಕೈ ಎಲ್ಲ ಚೆನ್ನಾಗಿ ಬಂದಿವೆ. ಪ್ರಶ್ನೆ ಕೇಳಲು ಎದ್ದು ನಿಂತವರು ಮಾತ್ರ ಎಲ್ಲೂ ಕಾಣಲಿಲ್ಲ. ನಿಮ್ಮ ವರದಿಗಾರರು ದೀಪ ಹತ್ತಿದ ಕೂಡಲೇ ಎದ್ದು ಹೋಗಿದ್ದರೇನೋ.

ಸಭೆ ಹತ್ತೂವರೆಗೆ ಅಂದಿದ್ದರು. ಸಾಹೇಬರು ಬಂದಾಗ ಊಟದ ಹೊತ್ತು ಹತ್ತಿರವಾಗಿತ್ತು. ಇದು ಹಲಸಿನ ಹಪ್ಪಳದ ಕಾಲ. ಬೆಳಗ್ಗೆ ನಾಲ್ಕಕ್ಕೇ ಎದ್ದು ಸೊಳೆ ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಒಂದೊಂದೇ ಒತ್ತಿ ಅಂಗಳದ ಚಾಪೆ ಮೇಲೆ ಹರವಿ ಬಂದಿದ್ದೆ. ಈ ಹಪ್ಪಳವನ್ನು ಮಧ್ಯಾಹ್ನದೊಳಗೆ ಒಮ್ಮೆ ಮಗುಚಿ ಹಾಕದಿದ್ದರೆ ಚಾಪೆಗೇ ಅಂಟಿಕೊಳ್ಳುತ್ತದೆ, ಕಿತ್ತರೆ ಚೂರು ಚೂರು. ಹೊರಡೋಣ ಅಂದರೆ ‘ಸಾಹೇಬರು ಇನ್ನೇನು ಬಂದ್ರು ಅಕ್ಕಾ’ ಅನ್ನುತ್ತಿದ್ದರು. ಬಂದ ಮೇಲೆ ಸ್ವಾಗತ, ಪ್ರಾಸ್ತಾವಿಕ, ಸನ್ಮಾನ. ಅಷ್ಟರಲ್ಲಿ ಅಡ್ಡಮಳೆಯೂ ಬಂತು. ನನ್ನ ಹಪ್ಪಳದ ಗತಿ ಬೇರೆ ಹೇಳಬೇಕಿಲ್ಲ.

ಹೋಗಲಿ, ಉತ್ತರವಾದರೂ ಸಿಕ್ಕಿತಾ? ನಾನು ಕೇಳಿದ್ದು ಇಷ್ಟು. ‘ಸಾರ್, ಮನೆಯಲ್ಲೇ ಮಿಡಿ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುತ್ತೇನೆ. ಮಡಗಾಂವದಲ್ಲಿರುವ ನನ್ನ ನಾದಿನಿಯ ಅಕ್ಕಪಕ್ಕದವರೂ ತರಿಸಿಕೊಳ್ಳುತ್ತಾರೆ. ದುಡ್ಡು ಫೋನ್‌ನಲ್ಲೇ ಹಾಕುತ್ತಾರೆ. ನಾನು ಜಿಎಸ್‌ಟಿ ಮಾಡಿಸಬೇಕಾ?’

‘ವರ್ಷಕ್ಕೆ 40 ಲಕ್ಷ ದಾಟುತ್ತಾ ಅಮ್ಮಾ?’ ಅಂದರು ಸಾಹೇಬರು. ಸಭೆಯೆಲ್ಲ ನಕ್ಕಿತು. ‘ಹಾಗಾದ್ರೆ ಏನೂ ಬೇಡ, ಕೂತ್ಕೊಳ್ಳಿ.’ ಪಕ್ಕದಲ್ಲಿದ್ದವರು ಅವರ ಕಿವಿಯಲ್ಲಿ ಏನೋ ಹೇಳಿದರು. ‘ಓ, ಗೋವಾ ಅಂದ್ರಾ? ಗೋವಾ ಆದ್ರೆ ಬೇಕಾಗ್ತದೆ. ಯಾವುದಕ್ಕೂ ನಿಮ್ಮ ಆಡಿಟರ್‌ನ ಕೇಳಿಬಿಡಿ.’

ನನ್ನ ಆಡಿಟರ್! ಅಡುಗೆಮನೆಯಲ್ಲಿ ಸಾಸಿವೆ ಡಬ್ಬದ ಪಕ್ಕದಲ್ಲೇ ಕೂತಿರುತ್ತಾರಲ್ಲ, ಅವರನ್ನೇ ಕೇಳಿದರಾಯಿತು.

ಕೊನೆಗೆ ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನನ್ನ ಅಣ್ಣನ ಮಗನಿಗೆ ರಾತ್ರಿ ಫೋನ್ ಮಾಡಿದೆ. ಅವನು ಹೇಳಿದ್ದು ಕೇಳಿ ನಿದ್ದೆ ಹಾರಿತು. ಸಾಮಾನು ಮಾರುವವರಿಗೆ 40 ಲಕ್ಷದ ಮಿತಿ ಇರುವುದು ನಮ್ಮ ರಾಜ್ಯದೊಳಗೆ ಮಾರಿದರೆ ಮಾತ್ರವಂತೆ. ತೆರಿಗೆ ಇರುವ ಸಾಮಾನನ್ನು ಹೊರರಾಜ್ಯಕ್ಕೆ ಮಾರಿದರೆ ಮಿತಿಯೇ ಇಲ್ಲ, ಮೊದಲ ಬಾಟಲಿಯಿಂದಲೇ ನೋಂದಣಿ. ಹಪ್ಪಳಕ್ಕೆ ತೆರಿಗೆ ಇಲ್ಲ, ಎಲ್ಲಿಗೆ ಬೇಕಾದರೂ ಕಳಿಸಬಹುದು. ಉಪ್ಪಿನಕಾಯಿಗೆ ಇದೆ. ಮೊದಲು 12 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ 5 ಆಯಿತು. ಅಂದರೆ ಶಿರಸಿಯಿಂದ ಅಷ್ಟು ದೂರದ ಬೀದರಿಗೆ ಉಪ್ಪಿನಕಾಯಿ ಕಳಿಸಿದರೆ ನಾನು ಸುಮ್ನೆ ಒಬ್ಬ ಗೃಹಿಣಿ. ಇಲ್ಲೇ ಕಾರವಾರ ದಾಟಿ, ಮಾಜಾಳಿ ಗಡಿ ದಾಟಿ ಒಂದು ಬಾಟಲಿ ಹೋದರೆ ಅಂತರರಾಜ್ಯ ವ್ಯಾಪಾರಿ! ಒಂದೇ ರಟ್ಟಿನ ಡಬ್ಬದಲ್ಲಿ ಮೇಲೆ ಹಪ್ಪಳ, ಕೆಳಗೆ ಉಪ್ಪಿನಕಾಯಿ ಇಟ್ಟು ಕಳಿಸುತ್ತೇನೆ. ಮೇಲಿನರ್ಧ ಕಾನೂನು ಪ್ರಕಾರ, ಕೆಳಗಿನರ್ಧ ಕಾನೂನುಬಾಹಿರ.

ಕೈಕೆಲಸದ ಸಾಮಾನಿಗೆ ಮಾತ್ರ ಇದರಲ್ಲಿ ವಿನಾಯಿತಿ ಇದೆಯಂತೆ. ಬಿದಿರಿನ ಬುಟ್ಟಿ ಹೆಣೆದು ಕಳಿಸಿದರೆ ಒಂದು ಮಿತಿವರೆಗೆ ಯಾರೂ ಕೇಳುವುದಿಲ್ಲ. ಬುಟ್ಟಿ ಹೆಣೆಯುವವರಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಚೊನೆ ಸಿಡಿದು ಕೈ ಸುಟ್ಟುಕೊಂಡು ಮಿಡಿ ಆರಿಸಿ, ತೊಳೆದು, ಉಪ್ಪಿಗೆ ಹಾಕಿ, ಅದು ಚಿರುಟುವವರೆಗೆ ಕಾದು, ಸಾಸಿವೆ ಬೀಸಿ ಬೆರೆಸುವುದು ಕೈಕೆಲಸ ಅಲ್ವಾ? ಮತ್ತೇನು, ಕಾಲ್ಕೆಲಸವಾ?

ಸರಿ, ನೋಂದಣಿ ಮಾಡಿಸಿಯೇ ಬಿಡೋಣ ಅಂದೆ. ‘ಅತ್ತೆ, ತಡಿ’ ಅಂದ. ಸಣ್ಣವರಿಗೆ ಅಂತ ಇರುವ ಒಂದು ಪರ್ಸೆಂಟಿನ ಸರಳ ಯೋಜನೆ ಹೊರರಾಜ್ಯಕ್ಕೆ ಮಾರುವವರಿಗೆ ಇಲ್ಲ. ಏನೂ ಮಾರದ ಮಳೆಗಾಲದಲ್ಲೂ ‘ಸೊನ್ನೆ’ ಅಂತ ರಿಟರ್ನ್ ಹಾಕಬೇಕು. ಸೊನ್ನೆ ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ಅದಕ್ಕಿಂತ ಜಾಸ್ತಿ ಉರಿದದ್ದು ಇನ್ನೊಂದು ಮಾತಿಗೆ. ಮನೆಯ ಯಜಮಾನಿಯೋ ಆಕೆಯ ಗಂಡನೋ ಜಿಎಸ್‌ಟಿ ರಿಟರ್ನ್ ಹಾಕುವವರಾದರೆ ಗೃಹಲಕ್ಷ್ಮಿಯ 2,000 ರೂಪಾಯಿ ಇಲ್ಲ. ನಾದಿನಿಯ ಕೇರಿಗೆ ಹೋಗುವ ಉಪ್ಪಿನಕಾಯಿಯಲ್ಲಿ ಎಣ್ಣೆ, ಬಾಟಲಿ, ಪಾರ್ಸೆಲ್ ಖರ್ಚು ಕಳೆದರೆ ತಿಂಗಳಿಗೆ ಅಷ್ಟು ಉಳಿಯುವುದೇ ಕಷ್ಟ. ಒಂದು ಕೈಯಲ್ಲಿ ಕೊಟ್ಟ ಹಾಗೆ ಮಾಡಿ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು ಎಂದರೆ ಇದೇ ತಾನೇ?

ಇದೇ ಸಾಹೇಬರಂಥವರು ಮಹಿಳಾ ಸಂಘದ ವೇದಿಕೆ ಹತ್ತಿದರೆ ಭಾಷಣವೇ ಬೇರೆ. ‘ತಾಯಂದಿರೇ, ಮೊಬೈಲ್ ಹಿಡಿಯಿರಿ, ಜಗತ್ತಿಗೇ ಮಾರಿ!’ ಜಗತ್ತು ಹಾಗಿರಲಿ, ಮಾಜಾಳಿ ದಾಟಬೇಡಿ ಅಂತ ಅದೇ ವೇದಿಕೆಯಲ್ಲಿ ಯಾಕೆ ಹೇಳುವುದಿಲ್ಲ? 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ಇಲ್ಲದ ಸಣ್ಣವರೂ ಆನ್‌ಲೈನ್ ಕಂಪನಿಗಳ ಮೂಲಕ ತಮ್ಮ ರಾಜ್ಯದೊಳಗೆ ಸಾಮಾನು ಮಾರಬಹುದು, ಅದಕ್ಕೊಂದು ಸಂಖ್ಯೆ ಮಾತ್ರ ಪಡೆದುಕೊಂಡರೆ ಸಾಕು. ಉಪಯೋಗಕ್ಕೆ ಬರುವ ಈ ವಿಷಯ ಸಭೆಯಲ್ಲಿ ಒಬ್ಬರ ಬಾಯಲ್ಲೂ ಬರಲಿಲ್ಲ. ಅದನ್ನೂ ನನ್ನ ಅಣ್ಣನ ಮಗನೇ ಹೇಳಬೇಕಾಯಿತು.

ನನ್ನ ಪಕ್ಕ ಕೂತಿದ್ದಾಕೆ ಸಂಡಿಗೆ ಮಾರುವವರು. ‘ಸಂಡಿಗೆ ಹಪ್ಪಳದ ಲೆಕ್ಕಕ್ಕೆ ಬರುತ್ತಾ?’ ಅಂತ ಕೇಳಿದರು. ಸಾಹೇಬರು ಪಕ್ಕದವರ ಮುಖ ನೋಡಿದರು, ಪಕ್ಕದವರು ಫ್ಯಾನ್ ನೋಡಿದರು. ನಗಬೇಡಿ, 2021ರಲ್ಲಿ ದುಂಡು ಹಪ್ಪಳಕ್ಕೆ ತೆರಿಗೆ ಇಲ್ಲ, ಚೌಕ ಹಪ್ಪಳಕ್ಕೆ ಇದೆ ಅಂತ ಸುದ್ದಿ ಹಬ್ಬಿ, ಆಕಾರ ಯಾವುದಾದರೂ ತೆರಿಗೆ ಇಲ್ಲ ಎಂದು ದಿಲ್ಲಿಯ ತೆರಿಗೆ ಮಂಡಳಿಯೇ ಹೇಳಬೇಕಾಗಿ ಬಂದಿತ್ತು.

ನಮಗೇಕೆ ಇಷ್ಟು ಹೆದರಿಕೆ ಅಂತ ಕೇಳುತ್ತಾರೆ. 2025ರ ಜುಲೈ ಮರೆತಿಲ್ಲ, ಅದಕ್ಕೆ. ಪಕ್ಕದ ಹಾವೇರಿಯ ತರಕಾರಿ ವ್ಯಾಪಾರಿಗೆ, ನಾಲ್ಕು ವರ್ಷದಲ್ಲಿ ಯುಪಿಐ ಮೂಲಕ 1.63 ಕೋಟಿ ಬಂದಿದೆ ಅಂತ 29 ಲಕ್ಷದ ನೋಟಿಸ್! ಹಸಿ ತರಕಾರಿಗೆ ತೆರಿಗೆಯೇ ಇಲ್ಲ ಎನ್ನುವುದು ನೋಟಿಸ್ ಬರೆದವರಿಗೆ ಗೊತ್ತಿರಲಿಲ್ಲವೇ? ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಬೋರ್ಡ್ ಬಿತ್ತು. ಬಂದ್ ಕರೆ ಬಂತು. ಆಮೇಲೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಹಳೆ ಬಾಕಿ ಕೇಳುವುದಿಲ್ಲ ಅನ್ನಬೇಕಾಯಿತು. ನನ್ನ ಖಾತೆಗೆ ಮಗ ಕಳಿಸುವ ದುಡ್ಡು ಬರುತ್ತದೆ, ಸಂಘದ ಸಾಲ ಬರುತ್ತದೆ, ಮದುವೆ ಮುಯ್ಯಿಯೂ ಬರುತ್ತದೆ. ನಾಳೆ ಎಲ್ಲವನ್ನೂ ಉಪ್ಪಿನಕಾಯಿ ಅಂದುಬಿಟ್ಟರೆ?

ಮನೆ ಅಡುಗೆಗೆ ಆಹಾರ ಸುರಕ್ಷತೆಯ ನೋಂದಣಿ ಬೇಕು ಅಂದಾಗಲೂ ಹೀಗೇ ಆಯಿತು. ಶುಲ್ಕ ವರ್ಷಕ್ಕೆ ನೂರು ರೂಪಾಯಿ. ಮಾಡಿಸಿಕೊಟ್ಟವರು ಪೀಕಿದ್ದು ಅದರ ಎಷ್ಟೋ ಪಟ್ಟು. ಯಾರಿಗೆ ದೂರುವುದು? ಅರ್ಜಿ ಕೊಟ್ಟರೆ ‘ಸರ್ವರ್ ಡೌನ್’, ಸರ್ವರ್ ಇದ್ದರೆ ಕರೆಂಟಿಲ್ಲ, ಎರಡೂ ಇದ್ದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಮಳೆಗಾಲ ಶುರುವಾದರೆ ನಮ್ಮ ಕಡೆ ಕರೆಂಟ್ ಹೋದ ಹಿಂದೆಯೇ ಫೋನಿನ ಸಿಗ್ನಲ್ಲೂ ಹೋಗುತ್ತದೆ. ಆ ದಿನಗಳಲ್ಲಿ ರಿಟರ್ನ್ ಹಾಕುವುದಕ್ಕೆ ಮರ ಹತ್ತಬೇಕಾ? ಕುಮಟಾ ರಸ್ತೆಯ ಪುರಾಣ ನಿಮ್ಮ ಓದುಗರಿಗೆ ಬಾಯಿಪಾಠ. ಆ ಹೊಂಡಗಳಲ್ಲಿ ಒಡೆದ ಬಾಟಲಿಗಳಿಗೆ ಯಾವ ಇಲಾಖೆ ಪರಿಹಾರ ಕೊಟ್ಟಿದೆ? ತೆರಿಗೆ ಬೇಕಾದಾಗ ಮಾತ್ರ ಇವರಿಗೆ ನಮ್ಮೂರಿನ ದಾರಿ ಸಿಗುತ್ತದೆ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಒಂದೋ ಮನೆಯಲ್ಲಿ ಮಾಡಿ ಮಾರುವ ಹೆಂಗಸರಿಗೆ ಹೊರರಾಜ್ಯಕ್ಕೂ ಒಂದು ಮಿತಿವರೆಗೆ ವಿನಾಯಿತಿ ಕೊಡಿ. ಇಲ್ಲವೋ ಜಿಎಸ್‌ಟಿ ಮಾಡಿಸಿದರೂ ಗೃಹಲಕ್ಷ್ಮಿ ನಿಲ್ಲುವುದಿಲ್ಲ ಅಂತ ಬರೆದುಕೊಡಿ. ಮೊದಲನೆಯದು ದಿಲ್ಲಿಯವರ ಕೆಲಸ, ಎರಡನೆಯದು ಬೆಂಗಳೂರಿನವರ ಕೆಲಸ ಅಂತ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಗೊತ್ತಿದ್ದದ್ದೇ. ಎರಡೂ ಆಗದಿದ್ದರೆ ಎಲ್ಲಾದರೂ ಗೋಡೆ ಮೇಲೆ ಕನ್ನಡದಲ್ಲಿ ನೆಟ್ಟಗೆ ಬರೆದು ಹಾಕಿ, ಯಾವುದಕ್ಕೆ ತೆರಿಗೆ, ಯಾವುದಕ್ಕಿಲ್ಲ ಅಂತ. ಅಷ್ಟೂ ಕಷ್ಟವಾದರೆ ಶಾಲು ಹೊದೆಸಿಕೊಳ್ಳುವುದನ್ನಾದರೂ ಬಿಡಿ. ತಿಂಗಳು ತುಂಬಿದ ಕೂಡಲೇ ಸಂಬಳ ತಪ್ಪದೆ ಬರುತ್ತದಲ್ಲ ಸಾರ್, ಅದರ ಮರ್ಯಾದೆಗಾದರೂ ನಿಮ್ಮದೇ ಕಾನೂನನ್ನು ಒಮ್ಮೆ ಓದಿಕೊಂಡು ಬನ್ನಿ.

ಮಿಡಿ ಉಪ್ಪಿನಕಾಯಿ ಮಾರುವವಳು, ಶಿರಸಿ