ರಾಜಾಜಿನಗರದ ಸೈಟಿನ ಆ ಎಂಜಿನಿಯರ್ ಮೇಡಂಗೆ

ನಾನು ಸಿವಿಲ್ ಎಂಜಿನಿಯರಿಂಗ್ ಓದುವವಳು. ಕಾಂಕ್ರೀಟಿನ ಸ್ಲಂಪ್ ಟೆಸ್ಟನ್ನು, ಅಂದರೆ ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಅಂತ ಅಳೆದು ಅದರ ಹದ ನೋಡುವ ಪರೀಕ್ಷೆಯನ್ನು, ಸೈಟಿನಲ್ಲೇ ನೋಡಿ ವರದಿ ಬರೆಯಬೇಕಿತ್ತು. ಮರುದಿನವೇ ಕೊಡಬೇಕು. ರಾಜಾಜಿನಗರದಲ್ಲಿ ಎಲ್ಲಿ ಕೇಳಿದರೂ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರು. ಅದರ ಮೇಲೆ ಮಳೆ ಬೇರೆ.

"ಸಿವಿಲ್ಲಾ? ಬಾಮ್ಮಾ ಒಳಗೆ" ಅಂದಿರಿ ನೀವು. ಹೆಲ್ಮೆಟ್ ತಂದು, ಪಟ್ಟಿ ನೀವೇ ಬಿಗಿ ಮಾಡಿದಿರಿ. ಕಾಂಕ್ರೀಟ್ ಲಾರಿ ಬರುವವರೆಗೆ ಕೂರಿಸಿ ಟೀ ಕೊಡಿಸಿದಿರಿ. 300 ಮಿ.ಮೀ. ಎತ್ತರದ ಕೋನ್ ತುಂಬುವಾಗ ಸರಳನ್ನು ನನ್ನ ಕೈಗೇ ಕೊಟ್ಟಿರಿ. ಪ್ರತಿ ಪದರಕ್ಕೂ 25 ಸಲ ಕುಟ್ಟಬೇಕಲ್ವಾ, ನನ್ನ ಜೊತೆ ನೀವೂ ಮೆಲ್ಲಗೆ ಎಣಿಸಿದಿರಿ. ಕೋನ್ ಎತ್ತಿದ ಮೇಲೆ ಎಷ್ಟು ಕುಸಿಯಿತು ಅಂತ ನಾನೇ ಅಳೆಯುವವರೆಗೂ ಕಾದಿರಿ. ನೀರು ಜಾಸ್ತಿಯಾದರೆ ಕಾಂಕ್ರೀಟಿನ ಬಲ ಕಡಿಮೆ ಅಂತ ಪುಸ್ತಕದಲ್ಲಿ ಓದಿದ್ದೆ. ಲಾರಿಯವರು "ಸ್ವಲ್ಪ ನೀರು ಬಿಡ್ಲಾ" ಅಂದಾಗ ನೀವು ಖಡಾಖಂಡಿತವಾಗಿ ಬೇಡ ಅಂದಿರಲ್ಲ, ಆಗಲೇ ಅದು ತಲೆಗೆ ಹೋಗಿದ್ದು.

ಯಾರ ಹಾಗೆ ಆಗಬೇಕು ಅಂತ ಕೇಳಿದಿರಿ. ವಿಶ್ವೇಶ್ವರಯ್ಯನವರ ಹಾಗೆ ಅಂದೆ. ಎಲ್ಲರೂ ಹೇಳುವ ಹೆಸರೇ, ಆದರೂ ನೀವು ನಗಲಿಲ್ಲ. ಕನ್ನಂಬಾಡಿ ಕಟ್ಟೆಗೆ ಸಿಮೆಂಟ್ ಬದಲು ಸುರ್ಕಿ ಗಾರೆ (ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ್ದು) ಬಳಸಿದ್ದನ್ನು ವಿವರಿಸಿದಿರಿ. ನನ್ನ ಆಸೆಯೂ ನೀರಿನ ಕೆಲಸವೇ, ನಮ್ಮೂರಿನ ರಾಜಕಾಲುವೆಗಳನ್ನು ಸರಿ ಮಾಡಬೇಕು. ಅದನ್ನೂ ಪೂರ್ತಿ ಕೇಳಿದಿರಿ.

ವರದಿ ಹೊತ್ತಿಗೆ ಸರಿಯಾಗಿ ಕೊಟ್ಟೆ. ಹೆಸರು ಕೇಳುವಷ್ಟರಲ್ಲಿ ನೀವು ಮುಂದಿನ ಲಾರಿಯ ಹತ್ತಿರ ಹೋಗಿದ್ದಿರಿ. ತುಂಬಾ ಥ್ಯಾಂಕ್ಸ್ ಮೇಡಂ. ಈಗ ಅದೇ ಪ್ರಶ್ನೆ ಯಾರಾದರೂ ಕೇಳಿದರೆ ನಿಮ್ಮನ್ನೂ ಸೇರಿಸಿಯೇ ಹೇಳುತ್ತೇನೆ.