ಮಳೆ ಬಂದಾಗಲೇ ಬಾಯಿ ಮುಚ್ಚುವ ಸೆನ್ಸರ್‌ಗಳು: ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾಲ್ಕು ವರ್ಷಗಳಲ್ಲಿ ಐದು ಅರ್ಜಿ ಕೊಟ್ಟಿದ್ದೇನೆ. ಐದಕ್ಕೂ ಸೀಲ್ ಒತ್ತಿ ಕೊಟ್ಟಿದ್ದಾರೆ. ಒಂದಕ್ಕೂ ಉತ್ತರ ಬಂದಿಲ್ಲ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಮನೆಯ ಹಿಂದೆ ಎತ್ತರದ ಧರೆ, ಅದಕ್ಕೊಂದು ತಡೆಗೋಡೆ. ಗೋಡೆ ವಾಲಿದರೆ ಗೊತ್ತಾಗಲಿ ಅಂತ ಟಿಲ್ಟ್ ಮೀಟರ್ ಇಟ್ಟಿದ್ದಾರೆ. ಮಣ್ಣಿನೊಳಗಿನ ನೀರಿನ ಒತ್ತಡ ನೋಡಲು ಪೀಜೋಮೀಟರ್, ಬಿರುಕಿಗೆ ಕ್ರ್ಯಾಕ್ ಮೀಟರ್. ಎಲ್ಲದರ ಅಳತೆಯೂ ಪೆಟ್ಟಿಗೆಯೊಳಗಿನ ಡೇಟಾ ಲಾಗರ್‌ಗೆ, ಅಂದರೆ ಅಳತೆ ಬರೆದಿಡುವ ಯಂತ್ರಕ್ಕೆ ಬರುತ್ತದೆ. ಅಲ್ಲಿಂದ ಕಚೇರಿಗೆ ಹೋಗುವುದು ಒಂದೇ ಒಂದು ಸಿಮ್ ಕಾರ್ಡ್ ಮೂಲಕ. ಅಳೆಯುವ ಸಾಮಾನಿನ ಬಗ್ಗೆ ನನ್ನ ತಕರಾರು ಇಲ್ಲ. ನನ್ನ ತಕರಾರು ಆ ಒಂದು ಸಿಮ್ ಬಗ್ಗೆ.

ಕಳೆದ ಮಳೆಗಾಲದ ಒಂದು ರಾತ್ರಿ ಹೇಳುತ್ತೇನೆ, ಕೇಳಿ. ಒಂಬತ್ತಕ್ಕೆ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿಯೂ ಮುಗಿದು ಎಲ್ಲರ ಫೋನ್ ಸತ್ತವು. ಮಳೆ ಮಾತ್ರ ನಿಲ್ಲಲಿಲ್ಲ. ರಾತ್ರಿ ಎರಡರ ಹೊತ್ತಿಗೆ ಹಿಂದಿನಿಂದ ಕಲ್ಲು ಸೀಳಿದ ಹಾಗೆ ಸದ್ದು. ಪಕ್ಕದ ಮನೆಯ ಹುಡುಗ ಟಾರ್ಚ್ ಹಿಡಿದು, ಸಿಗ್ನಲ್ ಸಿಗುವ ಕಡೆ ತನಕ ನಡೆದುಹೋಗಿ ಕಂಟ್ರೋಲ್ ರೂಮ್‌ಗೆ ಫೋನ್ ಮಾಡಿದ. ಅಲ್ಲಿದ್ದವರು ಹೇಳಿದ್ದು ಇಷ್ಟು: "ಸ್ಕ್ರೀನ್‌ನಲ್ಲಿ ಎಲ್ಲಾ ಹಸಿರೇ ಇದೆ. ಸುಮ್ನೆ ಹೆದರಬೇಡಿ, ಹೋಗಿ ಮಲಗಿ."

ಆ ಹಸಿರು ರಾತ್ರಿ ಒಂಬತ್ತೂವರೆಯದು ಸ್ವಾಮಿ! ಆಮೇಲೆ ಒಂದೇ ಒಂದು ಅಳತೆ ಅಲ್ಲಿಗೆ ತಲುಪಿರಲಿಲ್ಲ. ಹಳೆಯ ಬಣ್ಣವನ್ನೇ ನೋಡಿ ನಮಗೆ ಮಲಗಲು ಹೇಳಿದರು. ನಾವು ಮಲಗಲಿಲ್ಲ. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಎತ್ತಿಕೊಂಡು, ಮಳೆಯಲ್ಲೇ ಆಚೆ ಹೋದೆವು. ಅವರಿಗೆ ಹಿಡಿದ ಚಳಿಜ್ವರ ಹದಿನೈದು ದಿನ ಬಿಡಲಿಲ್ಲ. ಮೂರನೇ ದಿನ ಟೆಕ್ನಿಷಿಯನ್ ಬಂದು ಲಾಗರ್‌ಗೆ ಲ್ಯಾಪ್‌ಟಾಪ್ ಜೋಡಿಸಿದ. ಆ ರಾತ್ರಿಯ ಲೆಕ್ಕವೆಲ್ಲ ಒಳಗೇ ಇತ್ತು. ನೀರಿನ ಒತ್ತಡ ಗಂಟೆಗಂಟೆಗೆ ಏರಿತ್ತು. ಬಿರುಕು 4 ಮಿಲಿಮೀಟರ್ ಅಗಲವಾಗಿತ್ತು. ಪೆಟ್ಟಿಗೆಗೆ ಎಲ್ಲಾ ಗೊತ್ತಿತ್ತು. ಹತ್ತು ಮಾರು ದೂರದಲ್ಲಿದ್ದ ನಮಗೆ ಗೊತ್ತಿರಲಿಲ್ಲ.

ಎಚ್ಚರಿಕೆ ವ್ಯವಸ್ಥೆ ಮಳೆಯಲ್ಲೂ ಕೆಲಸ ಮಾಡಬೇಕು ಅನ್ನುವುದು ನಿಮಗೆ ಗೊತ್ತೇ ಇದೆ, ನಾನು ಹೇಳಿಕೊಡಬೇಕಾಗಿಲ್ಲ. ನನ್ನ ಬೇಡಿಕೆ ಒಂದೇ. ಡೇಟಾ ಹೋಗಲು ಎರಡನೇ ದಾರಿ ಬೇಕು. ಮುಂದಿನ ಮಳೆಗಾಲಕ್ಕೆ ಮುಂಚೆ ಬೇಕು.

"ಲೋರಾ ಹಾಕ್ತೀವಿ, ಎಲ್ಲಾ ಸರಿಹೋಗುತ್ತೆ" ಅಂತ ಒಬ್ಬ ಅಧಿಕಾರಿ ಹೇಳಿದರು. ಲೋರಾ ಅಂದರೆ ಸಣ್ಣ ಸಂದೇಶವನ್ನು ದೂರಕ್ಕೆ ಕಳಿಸುವ ರೇಡಿಯೋ. ಅದು ಒಳ್ಳೆಯದೇ. ಅಡ್ಡ ಏನೂ ಇಲ್ಲದಿದ್ದರೆ 10 ಕಿಲೋಮೀಟರ್‌ಗೂ ಹೋಗುತ್ತದೆ. ಸಣ್ಣ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಒಂದು ಸಲಕ್ಕೆ ಕೆಲವೇ ಬೈಟ್ ಕಳಿಸಬಹುದು, ಆದರೆ ಗಂಟೆಗೊಂದು ಒತ್ತಡದ ಅಳತೆಗೆ ಅಷ್ಟು ಸಾಕು. ಸೇತುವೆಯ ಕಂಪನದಂಥ ಭಾರೀ ಡೇಟಾ ಆದರೆ ಅದರ ಕೈಯಲ್ಲಿ ಆಗುವುದಿಲ್ಲ, ಅದಕ್ಕೆ ಕೇಬಲ್ಲೋ 4ಜಿಯೋ ಬೇಕು. ಆದರೆ ಲೋರಾ ಅಳತೆಯನ್ನು ತಲುಪಿಸುವುದು ಗೇಟ್‌ವೇ ತನಕ ಮಾತ್ರ, ಅಂದರೆ ರೇಡಿಯೋ ಸಂದೇಶ ಹಿಡಿದು ಮುಂದಕ್ಕೆ ಕಳಿಸುವ ಸಾಧನದ ತನಕ. ಗೇಟ್‌ವೇಯಿಂದ ಕಚೇರಿಗೆ? ಅಲ್ಲೂ ಅದೇ ಕಂಪನಿಯ ಸಿಮ್, ಅದೇ ಟವರ್ ಇದ್ದರೆ ಏನು ಬದಲಾಯಿತು? ಅದನ್ನು ಕೇಳಿದ್ದಕ್ಕೆ ಅವರು ಫೈಲ್ ಮುಚ್ಚಿದರು.

ಕೇಬಲ್ ಎಳೆದರೂ ಅಷ್ಟೇ ಕಷ್ಟ. ತಾಮ್ರದ ಕೇಬಲ್‌ಗೆ ಸಿಡಿಲಿನ ಕಾಟ. ಫೈಬರ್‌ಗೆ ಆ ಭಯ ಇಲ್ಲ, ಆದರೆ ಧರೆ ಜಾರಿದರೆ ಅದೂ ತುಂಡಾಗುತ್ತದೆ. ಸಿಮ್ ಹಾಕಿ ಡೇಟಾ ಕಳಿಸುವ ಮೋಡೆಮ್ ಹಳೆಯದಾದರೆ ಇನ್ನೊಂದು ತಲೆನೋವು: ಅದು ನಂಬಿದ ನೆಟ್‌ವರ್ಕನ್ನೇ ಕಂಪನಿ ನಿಲ್ಲಿಸಬಹುದು. ಅಮೆರಿಕದ ಎಟಿ ಆಂಡ್ ಟಿ ಕಂಪನಿ 2017ಕ್ಕೆ 2ಜಿ ನಿಲ್ಲಿಸಿತು, 2022ರಲ್ಲಿ 3ಜಿ ನಿಲ್ಲಿಸಿತು. ಗೋಡೆಯ ಮೇಲೆ ಇಪ್ಪತ್ತು ವರ್ಷ ಕಣ್ಣಿಡಬೇಕು ಅಂತ ಪೆಟ್ಟಿಗೆ ಇಡುವವರು ಇದನ್ನು ಮೊದಲೇ ಯೋಚಿಸಬೇಕು, ಅಲ್ವಾ?

ಟವರ್ ಸತ್ತಾಗಲೂ ಬದುಕಿರುವುದು ಉಪಗ್ರಹದ ದಾರಿ. ಇರಿಡಿಯಂ ಅನ್ನುವ ಕಂಪನಿಯ 66 ಉಪಗ್ರಹಗಳು ಭೂಮಿಯನ್ನೆಲ್ಲ ಆವರಿಸಿವೆ. ಅದರ ಸಣ್ಣ ಮೋಡೆಮ್ ಒಂದು ಸಂದೇಶದಲ್ಲಿ 340 ಬೈಟ್ ಕಳಿಸುತ್ತದೆ. ಆಂಟೆನಾಗೆ ಆಕಾಶ ಕಾಣಬೇಕು, ದಟ್ಟ ಮರದ ಕೆಳಗೆ ಇಡಬಾರದು. ಖರ್ಚು ಜಾಸ್ತಿ, ಒಪ್ಪುತ್ತೇನೆ. ದಿನವೂ ಬಳಸಿ ಅಂತ ನಾನು ಹೇಳುತ್ತಿಲ್ಲ. ಸಿಮ್ ಕೈಕೊಟ್ಟಾಗ, ಅಳತೆ ಮಿತಿ ದಾಟಿದಾಗ ಅದು ತಾನಾಗಿಯೇ ಶುರುವಾದರೆ ಸಾಕು.

ಇನ್ನೊಂದು ಮಾತು. ಮಿತಿ ದಾಟಿದ್ದು ಲಾಗರ್‌ಗೆ ಅಲ್ಲೇ ಗೊತ್ತಾಗುತ್ತದೆ. ಅದಕ್ಕೆ ಒಂದು ಸೈರನ್, ಒಂದು ಬ್ಯಾಟರಿ ಜೋಡಿಸಿ. ನಮ್ಮನ್ನು ಎಬ್ಬಿಸಲು ಇಂಟರ್ನೆಟ್ಟೇ ಬೇಕಾಗಿಲ್ಲ. ಮತ್ತೆ ಆ ಹಸಿರು ಬಣ್ಣ ತೆಗೆಸಿ. ಒಂದು ಗಂಟೆ ಅಳತೆ ಬರದಿದ್ದರೆ ಪರದೆ ಕೆಂಪಾಗಲಿ. ಸುದ್ದಿ ಬಂದಿಲ್ಲ ಅಂದರೆ ಏನೋ ಆಗಿದೆ ಅಂತಲೇ ತಿಳಿದು ಒಬ್ಬರು ಹೊರಟು ಬರಲಿ.

ಈಗಲೂ ಮಳೆ ಜೋರಾದ ರಾತ್ರಿ ನಮ್ಮಲ್ಲಿ ಒಬ್ಬರು ಎದ್ದು ಕೂರುತ್ತೇವೆ. ಸರದಿ ಹಾಕಿಕೊಂಡಿದ್ದೇವೆ. ಲಕ್ಷಗಟ್ಟಲೆ ಸುರಿದು ಸೆನ್ಸರ್ ಇಟ್ಟ ಜಾಗದಲ್ಲಿ ಜನ ಕಿವಿಗೊಟ್ಟು ಕೂರಬೇಕಾ?

ಎರಡನೇ ದಾರಿ ಬೇಕು. ಮಳೆಗಾಲಕ್ಕೆ ಮುಂಚೆ ಬೇಕು. ಮಾಡಿದ್ದೇವೆ ಅಂತ ಕಾಗದ ಕಳಿಸಿದರೆ ಸಾಲದು. ಒಂದು ದಿನ ನೀವೇ ಬನ್ನಿ. ಪೆಟ್ಟಿಗೆ ತೆರೆಸಿ, ನಿಮ್ಮ ಕೈಯಾರೆ ಆ ಸಿಮ್ ತೆಗೆಯಿರಿ. ಕಚೇರಿಯ ಪರದೆಯಲ್ಲಿ ಏನು ಕಾಣುತ್ತದೆ ಅಂತ ಅಲ್ಲೇ ನಿಂತು ಫೋನ್ ಮಾಡಿ ಕೇಳಿ. ನಾವೂ ಪಕ್ಕದಲ್ಲೇ ಇರುತ್ತೇವೆ.

ಇಂತಿ,
ತಡೆಗೋಡೆಯ ಕೆಳಗಿನ ಮನೆಯವರು