ಮಧ್ಯಾಹ್ನದ ಕರೆಂಟು ಮಧ್ಯಾಹ್ನವೇ ಗಾಡಿಗೆ ಸಿಗಲಿ: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರೇ,

ನಮಸ್ಕಾರ. ಒಂದು ದಿನ ಮಧ್ಯಾಹ್ನ ಬೆಂಗಳೂರಿನ ಯಾವುದಾದರೂ ದೊಡ್ಡ ಮೆಟ್ರೋ ಪಾರ್ಕಿಂಗ್‌ಗೆ ಸುಮ್ನೆ ಹೋಗಿ ಬನ್ನಿ. ಎಲೆಕ್ಟ್ರಿಕ್ ಸ್ಕೂಟರ್‌ಗಳು ಸಾಲಾಗಿ ನಿಂತಿರುತ್ತವೆ. ಬೆಳಗ್ಗೆ ಒಂಬತ್ತಕ್ಕೆ ಬಂದವು ಸಂಜೆ ಆರರವರೆಗೆ ಕದಲುವುದಿಲ್ಲ. ಅದೇ ಹೊತ್ತಿಗೆ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್‌ನಲ್ಲಿ ಕರೆಂಟು ಜೋರಾಗಿ ಬರುತ್ತಿರುತ್ತದೆ. ಆದರೆ ಈ ಗಾಡಿಗಳು ಚಾರ್ಜಿಗೆ ಕೂರುವುದು ರಾತ್ರಿ, ಮನೆ ಸೇರಿದ ಮೇಲೆ. ಆಗ ಪಾವಗಡದಲ್ಲಿ ಒಂದು ಯೂನಿಟ್ಟೂ ಹುಟ್ಟುವುದಿಲ್ಲ.

2017ರಲ್ಲೇ ಇವಿ (ಎಲೆಕ್ಟ್ರಿಕ್ ವಾಹನ) ನೀತಿ ತಂದ ಮೊದಲ ರಾಜ್ಯ ನಮ್ಮದು. ಸೋಲಾರ್‌ನಲ್ಲಿ, ಗಾಳಿ ವಿದ್ಯುತ್ತಿನಲ್ಲಿ ಕೂಡ ಹಿಂದೆ ಬಿದ್ದಿಲ್ಲ. ಆದರೂ ಗಾಡಿಗಳ ಲೆಕ್ಕ ಒಂದು ಫೈಲಿನಲ್ಲಿ, ಸೋಲಾರ್ ಲೆಕ್ಕ ಇನ್ನೊಂದರಲ್ಲಿ ಇದ್ದ ಹಾಗೆ ಕಾಣುತ್ತದೆ. ಎರಡನ್ನೂ ಒಟ್ಟಿಗೆ ತೆರೆದು ನೋಡಿ ಅನ್ನುವುದಷ್ಟೇ ನನ್ನ ಅರ್ಜಿ.

ಬೀದಿ ಮೂಲೆಯ ಟಿಸಿಯನ್ನೇ (ಟ್ರಾನ್ಸ್‌ಫಾರ್ಮರ್) ತಗೊಳ್ಳಿ. 250 ಕೆವಿಎ, ಅಂದರೆ ಹೆಚ್ಚೆಂದರೆ ಅಷ್ಟೇ ಕಿಲೋವಾಟ್ ಹೊರುವಂಥದ್ದು ಅಂದುಕೊಳ್ಳೋಣ. ಮನೆಯಲ್ಲಿ ಹಾಕಿಸುವ ಕಾರ್ ಚಾರ್ಜರ್ 7.2 ಕಿಲೋವಾಟ್ ಎಳೆಯುತ್ತದೆ. ರಾತ್ರಿ ಎಂಟಕ್ಕೆ ಇಪ್ಪತ್ತು ಕಾರು ಒಟ್ಟಿಗೆ ಚಾರ್ಜಿಗೆ ನಿಂತರೆ 144 ಕಿಲೋವಾಟ್. ಟಿಸಿಯ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಲಿಫ್ಟು, ಎಸಿ, ಇಂಡಕ್ಷನ್ ಒಲೆ, ನೀರಿನ ಮೋಟಾರು ಇನ್ನೂ ಬಾಕಿ ಇವೆ. ರಾಜ್ಯದಲ್ಲಿ ಕರೆಂಟು ಸಾಕಷ್ಟಿದ್ದರೂ ನಮ್ಮ ಬೀದಿ ಕತ್ತಲಾಗುವುದು ಹೀಗೆ.

ದರದಲ್ಲೂ ಹಳೇ ಕಾಲದ ಲೆಕ್ಕ ಉಳಿದಿದೆ. ಕಲ್ಲಿದ್ದಲು ಘಟಕಗಳನ್ನು ರಾತ್ರಿ ಆರಿಸಿ ಬೆಳಗ್ಗೆ ಹೊತ್ತಿಸುವುದು ಸುಲಭವಲ್ಲ. ಅದಕ್ಕೇ ಮಲಗುವ ಹೊತ್ತಿನ ಕರೆಂಟು ಅಗ್ಗ ಅನ್ನುವ ಮಾತು ಬಂದಿದ್ದು. ಸೋಲಾರ್ ಬಂದಮೇಲೆ ಅದು ತಲೆಕೆಳಗಾಗಿದೆ, ಈಗ ಹಗಲಿನ ಕರೆಂಟೇ ಅಗ್ಗ. ಬಿಸಿಲಿರುವ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20ರಷ್ಟು ಕಡಿಮೆ ಇರಲಿ ಎಂದು ಕೇಂದ್ರ 2023ರಲ್ಲೇ ನಿಯಮ ಮಾಡಿದೆ. ನಮ್ಮ ಮನೆ ಬಿಲ್ಲಿನಲ್ಲಿ ಮಾತ್ರ ಬೆಳಗ್ಗೆ ಹನ್ನೊಂದಕ್ಕೂ ರಾತ್ರಿ ಎಂಟಕ್ಕೂ ಒಂದೇ ದರ. ಹಗಲು ಚಾರ್ಜ್ ಮಾಡಿ ಅಂದರೆ ಜನ ಯಾಕೆ ಕೇಳುತ್ತಾರೆ?

ಪಂಪ್‌ಸೆಟ್‌ಗಳಿಗೆ ಹಗಲು ಕರೆಂಟು ಕೊಡಲು ಕೇಂದ್ರದ ಕುಸುಮ್ ಯೋಜನೆಯಲ್ಲಿ ಫೀಡರ್‌ಗಳನ್ನೇ (ಪಂಪ್‌ಸೆಟ್‌ಗಳಿಗೆ ಕರೆಂಟು ತರುವ ಲೈನ್‌ಗಳನ್ನೇ) ಸೋಲಾರ್‌ಗೆ ಹಾಕುತ್ತಿದ್ದೀರಿ, ಅಲ್ವಾ? ಅದೇ ಬುದ್ಧಿ ಗಾಡಿಗೂ ಓಡಲಿ. ಇದಕ್ಕೆ ದುಬಾರಿ ಫಾಸ್ಟ್ ಚಾರ್ಜರ್ ಬೇಕಾಗಿಲ್ಲ. ಸ್ಕೂಟರ್ ಬ್ಯಾಟರಿ ಸುಮಾರು ಮೂರು ಯೂನಿಟ್ ಹಿಡಿಯುತ್ತದೆ. ಎಂಟು ಗಂಟೆ ನಿಲ್ಲುವ ಗಾಡಿಗೆ ಸಾಮಾನ್ಯ 15 ಆಂಪಿಯರ್ ಪ್ಲಗ್ ಪಾಯಿಂಟು, ಒಂದು ಮೀಟರು, ದುಡ್ಡು ಕಟ್ಟಲು ಒಂದು ಕ್ಯೂಆರ್ ಕೋಡು ಧಾರಾಳವಾಯಿತು. (ಪ್ಲಗ್ ಪಾಯಿಂಟಿಗೆ ರಿಬ್ಬನ್ ಕಟ್ಟಿ ಕತ್ತರಿಸುವುದು ಕಷ್ಟ, ಒಪ್ಪುತ್ತೇನೆ.) ಬಾಡಿಗೆ ಮನೆಯವರಿಗಂತೂ ಇದು ದೊಡ್ಡ ಉಪಕಾರ. ಓನರ್ ಒಪ್ಪದೆ, ಮೊದಲ ಮಹಡಿ ಕಿಟಕಿಯಿಂದ ಎಕ್ಸ್‌ಟೆನ್ಶನ್ ವೈರ್ ಇಳಿಬಿಟ್ಟು ಮಳೆಯಲ್ಲಿ ಚಾರ್ಜ್ ಮಾಡುವವರನ್ನು ಯಾವ ಬಡಾವಣೆಯಲ್ಲಾದರೂ ನೋಡಬಹುದು. ಊಟದ ಹೊತ್ತಿಗೆ ಆಟೋ ಸ್ಟ್ಯಾಂಡಿನಲ್ಲಿ, ಬೆಳಗಿನ ರಶ್ ಇಳಿದ ಮೇಲೆ ಬಸ್ ಡಿಪೋಗಳಲ್ಲಿ ಕೂಡ ಇದೇ ಏರ್ಪಾಡು ಆಗಬಹುದು.

ಸಂಜೆಯ ಬೇಡಿಕೆಗೆಂದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಮಾಡಲು ಹೊರಟಿದ್ದೀರಿ. ಹಗಲಿನ ಕರೆಂಟಿನಿಂದ ನೀರು ಮೇಲೆತ್ತಿ, ಸಂಜೆ ಇಳಿಸಿ ವಿದ್ಯುತ್ ತೆಗೆಯುವ ಯೋಜನೆ. ಎತ್ತಿ ಇಳಿಸುವುದರಲ್ಲಿ ಒಂದಿಷ್ಟು ಪೋಲಾಗುತ್ತದೆ, ಕಾಡೂ ಹೋಗುತ್ತದೆ. ಹಗಲೇ ಗಾಡಿಗೆ ತುಂಬಿಸಬಹುದಾದ ಕರೆಂಟಿಗೆ ಇಷ್ಟು ಸುತ್ತು ಯಾಕೆ? ಗಾಡಿಗಳನ್ನು ಹಗಲಿಗೆ ತಂದರೆ ಸಂಜೆಯ ಹೊರೆ ಎಷ್ಟು ಇಳಿಯುತ್ತದೆ ಅನ್ನುವ ಲೆಕ್ಕವನ್ನು ಮರ ಕಡಿಯುವ ಮೊದಲು ಜನರ ಮುಂದಿಡಿ.

ಶುರುಮಾಡಲು ದೂರ ಹೋಗಬೇಕಿಲ್ಲ. ವಿಕಾಸಸೌಧ, ಎಂ.ಎಸ್. ಬಿಲ್ಡಿಂಗ್‌ನ ನೌಕರರ ಪಾರ್ಕಿಂಗ್‌ನಲ್ಲಿ ಮೊದಲ ನೂರು ಪ್ಲಗ್ ಹಾಕಿಸಿ. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಕಡಿಮೆ ದರ ಇಡಿ. ಆರು ತಿಂಗಳ ಮೀಟರ್ ಲೆಕ್ಕವನ್ನು ಇಲಾಖೆಯ ವೆಬ್‌ಸೈಟಿಗೆ ಹಾಕಿ.

ಇಂತಿ,
ತಪ್ಪದೆ ಬಿಲ್ ಕಟ್ಟುವ ಬೆಂಗಳೂರಿನ ಒಬ್ಬ ಗ್ರಾಹಕ